ಅಪ್ಪನ ಪ್ರಾಸ್ಟೇಟ್ ಮಾತ್ರೆ: ತಲೆ ಸುತ್ತುತ್ತದೆ ಎಂದು ನಿಲ್ಲಿಸಿದ್ದಾರೆ, ಏನು ಮಾಡಲಿ?

ವರದಾ ತೀರ
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 71 ವರ್ಷ. ಸಾಗರದ ಹತ್ತಿರದ ಹಳ್ಳಿಯಲ್ಲಿ ಅಮ್ಮನೊಂದಿಗೆ ಇದ್ದಾರೆ, ನಾನು ಬೆಂಗಳೂರಿನಲ್ಲಿ. ಎರಡು ವರ್ಷದಿಂದ ಅವರು ರಾತ್ರಿ ನಾಲ್ಕೈದು ಸಲ ಒಂದಕ್ಕೆ ಏಳುತ್ತಿದ್ದಾರಂತೆ. ಹೋಗಿ ನಿಂತರೆ ಬೇಗ ಬರುವುದಿಲ್ಲ, ಬಂದರೂ ಸಣ್ಣ ಧಾರೆ, ಮುಗಿಯಿತೆಂದು ಮಲಗಿದರೆ ಅರ್ಧ ಗಂಟೆಗೆ ಮತ್ತೆ ಏಳಬೇಕು. ಇದನ್ನು ಅಪ್ಪ ನನಗೆ ಹೇಳಲೇ ಇಲ್ಲ. ಅಮ್ಮ ಕಳೆದ ಹಬ್ಬಕ್ಕೆ ಹೋದಾಗ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದರು.

ಸ್ಕ್ಯಾನಿಂಗ್ ಮಾಡಿಸಿದೆವು. ಪ್ರಾಸ್ಟೇಟ್ 48 ಗ್ರಾಂ, ಮೂತ್ರ ಮಾಡಿದ ಮೇಲೂ ಚೀಲದಲ್ಲಿ 90 ಮಿ.ಲೀ. ಉಳಿಯುತ್ತದೆ ಎಂದು ಬರೆದಿದ್ದಾರೆ. ಪಿಎಸ್‌ಎ (ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವು ನೋಡುವ ರಕ್ತಪರೀಕ್ಷೆ) 2.6, ಚಿಂತೆಯಿಲ್ಲ ಎಂದರು. ಟ್ಯಾಮ್ಸುಲೋಸಿನ್ 0.4 ಮತ್ತು ಡುಟಾಸ್ಟೆರೈಡ್ 0.5 ಎರಡೂ ಸೇರಿದ ಕ್ಯಾಪ್ಸೂಲ್ ಕೊಟ್ಟರು. ಒಂಬತ್ತನೆಯ ದಿನ ರಾತ್ರಿ ಎದ್ದು ಹೊರಟಾಗ ಕಣ್ಣು ಕತ್ತಲೆ ಬಂದು ಹಿತ್ತಲಿನ ಮೆಟ್ಟಿಲಲ್ಲಿ ಬಿದ್ದರು. ನಮ್ಮ ಬಚ್ಚಲು ಹೊರಗೆ, ಮೂರು ಮೆಟ್ಟಿಲು ಇಳಿಯಬೇಕು. ಮಂಡಿ ತರಚಿದ್ದು ಬಿಟ್ಟರೆ ಹೆಚ್ಚೇನೂ ಆಗಲಿಲ್ಲ. ಅಂದಿನಿಂದ ಮಾತ್ರೆ ಮುಟ್ಟಿಲ್ಲ, ಮೂರು ವಾರವಾಯಿತು. ಬಿಪಿಗೆ ಅಮ್ಲೋಡಿಪಿನ್ ತೆಗೆದುಕೊಳ್ಳುತ್ತಾರೆ, ಶುಗರ್ ಇಲ್ಲ.

ಪಕ್ಕದ ಮನೆಯವರು ‘ಒಮ್ಮೆ ಶುರು ಮಾಡಿದರೆ ಸಾಯುವವರೆಗೆ ಬಿಡುವಂತಿಲ್ಲ’ ಎನ್ನುತ್ತಾರೆ. ಚಿಕ್ಕಪ್ಪ ‘ಆ ಮಾತ್ರೆ ಗಂಡಸುತನ ತೆಗೆಯುತ್ತದೆ, ಅದರ ಬದಲು ಆಪರೇಷನ್ ಮಾಡಿಸಿ ಮುಗಿಸು’ ಎನ್ನುತ್ತಾರೆ. ಯಾರನ್ನು ನಂಬಲಿ? ಅನುಭವ ಇರುವವರು ದಯವಿಟ್ಟು ಬರೆಯಿರಿ.

ಔಷಧಿ ಅಂಗಡಿ, ದಾವಣಗೆರೆ
22 ವರ್ಷದಿಂದ ಔಷಧಿ ಅಂಗಡಿ ನಡೆಸುತ್ತಿದ್ದೇನೆ. ನಿಮ್ಮ ತಂದೆಯವರಿಗೆ ಆದದ್ದನ್ನು ಕೌಂಟರಿನ ಈಚೆಯಿಂದ ನೂರಾರು ಸಲ ಕೇಳಿದ್ದೇನೆ. ಆ ಒಂದು ಕ್ಯಾಪ್ಸೂಲಿನಲ್ಲಿ ಎರಡು ಬೇರೆ ಬೇರೆ ಔಷಧಿಗಳಿವೆ ಎಂಬುದನ್ನು ಮೊದಲು ತಿಳಿಯಿರಿ.

ಪ್ರಾಸ್ಟೇಟ್ ಗ್ರಂಥಿ ಇರುವುದು ಮೂತ್ರಚೀಲದ ಕೆಳಗೆ. ಮೂತ್ರನಾಳ ಅದರ ನಡುವಿನಿಂದಲೇ ಹಾದುಹೋಗುತ್ತದೆ. ಮುಷ್ಟಿಯೊಳಗೆ ಕೊಳವೆ ಹಿಡಿದಂತೆ ಎಂದುಕೊಳ್ಳಿ. ಟ್ಯಾಮ್ಸುಲೋಸಿನ್ ಆ ಮುಷ್ಟಿಯ ಬಿಗಿಯನ್ನು ಸಡಿಲಿಸುತ್ತದೆ. ಕೆಲವೇ ದಿನಗಳಲ್ಲಿ ಧಾರೆ ಸುಧಾರಿಸುತ್ತದೆ, ಆದರೆ ಗ್ರಂಥಿ ಇದ್ದಷ್ಟೇ ಇರುತ್ತದೆ. ಡುಟಾಸ್ಟೆರೈಡ್ ಮುಷ್ಟಿಯನ್ನೇ ಚಿಕ್ಕದು ಮಾಡುತ್ತದೆ. ಗಂಡು ಹಾರ್ಮೋನಾದ ಟೆಸ್ಟೋಸ್ಟೆರಾನ್ ಅದಕ್ಕಿಂತ ಪ್ರಬಲವಾದ ಡಿಎಚ್‌ಟಿಯಾಗಿ ಬದಲಾಗುವುದನ್ನು ತಡೆದು ಗ್ರಂಥಿಯನ್ನು ನಿಧಾನವಾಗಿ ಕುಗ್ಗಿಸುತ್ತದೆ. ಅದರ ಫಲ ಕಾಣಲು ಮೂರರಿಂದ ಆರು ತಿಂಗಳು ಬೇಕು. ಒಂಬತ್ತು ದಿನಕ್ಕೆ ಅದರ ಗುಣ ಅಳೆಯಲಾಗದು.

ತಲೆ ಸುತ್ತಿಸಿದ್ದು ಮೊದಲನೆಯದು. ಅದು ರಕ್ತನಾಳಗಳನ್ನೂ ಸ್ವಲ್ಪ ಸಡಿಲಿಸುವುದರಿಂದ ಥಟ್ಟನೆ ಎದ್ದಾಗ ಬಿಪಿ ಇಳಿಯುತ್ತದೆ. ಎರಡು ಪ್ರಶ್ನೆ: ಮಾತ್ರೆಯನ್ನು ಊಟದ ನಂತರ ತೆಗೆದುಕೊಳ್ಳುತ್ತಿದ್ದರೋ, ಖಾಲಿ ಹೊಟ್ಟೆಯಲ್ಲೋ? ಬಿಪಿ ಮಾತ್ರೆಯೂ ಅದೇ ಹೊತ್ತಿಗೋ?

ಕಾಳಿ ಕಣಿವೆ
ಚಿಕ್ಕಪ್ಪ ಹೇಳಿದ್ದೇ ಸರಿ. ನಮ್ಮ ಮಾವನವರು ಐದು ವರ್ಷ ಮಾತ್ರೆ ನುಂಗಿದರು, ಕೊನೆಗೂ ಆಪರೇಷನ್ ತಪ್ಪಲಿಲ್ಲ. ಮೊದಲೇ ಮಾಡಿಸಿದ್ದರೆ ಐದು ವರ್ಷದ ಹಣ ಉಳಿಯುತ್ತಿತ್ತು.

ವರದಾ ತೀರ
@ಔಷಧಿ ಅಂಗಡಿ ಸರ್, ಈಗಷ್ಟೇ ಅಮ್ಮನನ್ನು ಕೇಳಿದೆ. ರಾತ್ರಿ ಎಂಟಕ್ಕೆ ಊಟಕ್ಕೆ ಮೊದಲು, ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುತ್ತಿದ್ದರಂತೆ. ಊಟದ ನಂತರ ಎಂದು ಚೀಟಿಯಲ್ಲಿದೆ. ‘ಊಟ ಮಾಡಿದ ಮೇಲೆ ಮರೆತುಹೋಗುತ್ತದೆ’ ಎಂದು ಅಪ್ಪ ಮೊದಲೇ ನುಂಗುತ್ತಿದ್ದರಂತೆ.

ಔಷಧಿ ಅಂಗಡಿ, ದಾವಣಗೆರೆ
ಅದೇ ನೋಡಿ. ಟ್ಯಾಮ್ಸುಲೋಸಿನ್ ಪ್ರತಿದಿನ ಒಂದೇ ಊಟದ ಬಳಿಕ, ಸುಮಾರು ಅರ್ಧ ಗಂಟೆಗೆ ತೆಗೆದುಕೊಳ್ಳಬೇಕಾದ ಮಾತ್ರೆ. ಖಾಲಿ ಹೊಟ್ಟೆಗೆ ಬಿದ್ದರೆ ರಕ್ತದಲ್ಲಿ ಅದರ ಪ್ರಮಾಣ ಒಮ್ಮೆಲೇ ಏರುತ್ತದೆ. ಜೊತೆಗೆ ಬಿಪಿ ಮಾತ್ರೆಯೂ ಸೇರಿದೆ. ಮಧ್ಯರಾತ್ರಿ ನಿದ್ದೆಗಣ್ಣಲ್ಲಿ ಎದ್ದು ಮೆಟ್ಟಿಲಿಳಿದರೆ ಯಾರಿಗಾದರೂ ಆಗುವಂಥದ್ದೇ.

ಆದರೆ ಕಾರಣ ಸಿಕ್ಕಿತೆಂದು ಮನೆಯಲ್ಲೇ ಮತ್ತೆ ಶುರು ಮಾಡಿಸಬೇಡಿ. ಹಲವು ದಿನ ಬಿಟ್ಟು ಮತ್ತೆ ತೆಗೆದುಕೊಂಡಾಗ ಮೊದಲ ದಿನದ ತಲೆಸುತ್ತು ಮರಳಬಹುದು. ಡಾಕ್ಟರ ಹತ್ತಿರ ಬಿದ್ದ ವಿಷಯ ಹೇಳಿ, ಕೂತಾಗಲೂ ನಿಂತಾಗಲೂ ಬಿಪಿ ನೋಡಿಸಿ. ಹೆಚ್ಚಿನವರು ಬಿದ್ದದ್ದನ್ನು ಡಾಕ್ಟರಿಗೆ ಹೇಳದೆ ಮುಚ್ಚಿಡುತ್ತಾರೆ, ಅಲ್ಲೇ ತಪ್ಪುವುದು.

ಹಿತ್ತಲ ಗಿಡ
ಇಷ್ಟೆಲ್ಲ ರಾಸಾಯನಿಕ ಯಾಕೆ? ನೆಗ್ಗಿಲು ಮುಳ್ಳಿನ ಕಷಾಯ ಕೊಡಿ. ಚರಕ ಸಂಹಿತೆಯಲ್ಲೇ ಮೂತ್ರದ ಔಷಧಿಗಳಲ್ಲಿ ಅದರ ಹೆಸರಿದೆ. ನಮ್ಮ ಅಜ್ಜನ ಕಾಲದಲ್ಲಿ ಯಾರು ಕ್ಯಾಪ್ಸೂಲ್ ತಿನ್ನುತ್ತಿದ್ದರು?

ನಿವೃತ್ತ ಗಣಿತ ಮೇಷ್ಟ್ರು
@ಹಿತ್ತಲ ಗಿಡ, ನೀವು ಹೇಳಿದ ಭಾಗವನ್ನು ನಾನೂ ಓದಿದ್ದೇನೆ. ಚರಕ ನೆಗ್ಗಿಲನ್ನು ಹೇಳುವುದು ‘ಮೂತ್ರವಿರೇಚನೀಯ’ ಗುಂಪಿನಲ್ಲಿ. ಎಂದರೆ ಮೂತ್ರ ಹೆಚ್ಚಿಸುವ ದ್ರವ್ಯ. ಬಾಗಿಲು ಕಿರಿದಾಗಿರುವ ಮನೆಯೊಳಗೆ ಇನ್ನಷ್ಟು ಜನರನ್ನು ತುಂಬಿದರೆ ಹೊರಬರುವುದು ಸುಲಭವಾಗುತ್ತದೆಯೇ? ಅಷ್ಠೀಲೆಯಂತೆ, ಎಂದರೆ ದುಂಡು ಕಲ್ಲಿನಂತೆ, ಗಟ್ಟಿಯಾದದ್ದು ಮೂತ್ರದ ದಾರಿ ತಡೆಯುವುದನ್ನು ಸುಶ್ರುತ ಮೂತ್ರಾಘಾತದ (ಮೂತ್ರ ಕಟ್ಟುವ ರೋಗಗಳ) ಅಡಿ ‘ವಾತಾಷ್ಠೀಲಾ’ ಎಂದು ಬೇರೆಯಾಗಿಯೇ ಹೇಳಿದ್ದಾನೆ. ಹಳಬರು ಎರಡನ್ನೂ ಒಂದೇ ಎಂದು ನೋಡಲಿಲ್ಲ. ವೈದ್ಯರನ್ನು ಕಾಣುವುದಾದರೆ ಓದಿದ ಆಯುರ್ವೇದ ವೈದ್ಯರನ್ನು ಕಾಣಿ, ಕಷಾಯದ ಪೊಟ್ಟಣವನ್ನಲ್ಲ.

ನಿಮ್ಮ ಅಜ್ಜನ ಕಾಲದಲ್ಲಿ ಮೂತ್ರ ಕಟ್ಟಿ ಒದ್ದಾಡಿ ಸತ್ತವರಿದ್ದರು. ನಮ್ಮ ಸೋದರಮಾವ ಹಾಗೆಯೇ ಹೋದರು. ನಾನಾಗ ಎಂಟು ವರ್ಷದ ಹುಡುಗ, ಆ ನರಳಾಟ ಇನ್ನೂ ಕಿವಿಯಲ್ಲಿದೆ.

ಹಿತ್ತಲ ಗಿಡ
ಕ್ಷಮಿಸಿ ಮೇಷ್ಟ್ರೇ, ನೋಯಿಸುವ ಉದ್ದೇಶ ಇರಲಿಲ್ಲ. ಆದರೂ ಎಲ್ಲ ಗಿಡಮೂಲಿಕೆ ನಿಷ್ಪ್ರಯೋಜಕ ಎನ್ನುವುದನ್ನು ಒಪ್ಪುವುದಿಲ್ಲ. ಅಮೆರಿಕದಲ್ಲೇ ಸಾ ಪಾಲ್ಮೆಟೊ ಎಂಬ ಹಣ್ಣಿನ ಸಾರವನ್ನು ಲಕ್ಷಾಂತರ ಜನ ತೆಗೆದುಕೊಳ್ಳುತ್ತಾರೆ.

ರಾತ್ರಿ ಪಾಳಿ
ತೆಗೆದುಕೊಳ್ಳುತ್ತಾರೆ, ನಿಜ. ಅದನ್ನು ಅಲ್ಲಿಯೇ ಪರೀಕ್ಷೆಗೂ ಒಡ್ಡಿದರು. 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದು ಔಷಧಿಯೇ ಇಲ್ಲದ ಹುಸಿಮಾತ್ರೆಗಿಂತ ಮೇಲಾಗಲಿಲ್ಲ. 2011ರಲ್ಲಿ ಮೂರು ಪಟ್ಟು ಪ್ರಮಾಣದವರೆಗೆ ಏರಿಸಿ ನೋಡಿದರು, ಆಗಲೂ ವ್ಯತ್ಯಾಸ ಕಾಣಲಿಲ್ಲ. ನಾನು ಮೂತ್ರರೋಗ ವಿಭಾಗದಲ್ಲಿ ನರ್ಸ್. ಕಷಾಯವೋ ಮಾತ್ರೆಯೋ, ಯಾವುದನ್ನು ತೆಗೆದುಕೊಳ್ಳುತ್ತಿದ್ದರೂ ದಯವಿಟ್ಟು ನಮಗೆ ಹೇಳಿ.

@ವರದಾ ತೀರ ಅಣ್ಣ, ಒಂದು ಕೆಲಸ ಮಾಡಿ. ಅಪ್ಪ ಎಷ್ಟು ಸಲ ಏಳುತ್ತಾರೆ ಎಂದು ಎಣಿಸಿದರೆ ಸಾಲದು, ಪ್ರತಿ ಸಲ ಎಷ್ಟು ಹೋಗುತ್ತದೆ ಎಂದು ಅಳೆಯಿರಿ. ಅಳತೆಯ ಪ್ಲಾಸ್ಟಿಕ್ ಜಗ್ ಒಂದು ಬಚ್ಚಲಲ್ಲಿಟ್ಟು ಮೂರು ದಿನ ಬರೆದಿಡಿ: ಎಷ್ಟು ಗಂಟೆಗೆ ಏನು ಕುಡಿದರು, ಎಷ್ಟು ಗಂಟೆಗೆ ಎಷ್ಟು ಹೋಯಿತು. ಪ್ರತಿ ಸಲ ಸ್ವಲ್ಪವೇ ಹೋಗಿದ್ದರೆ ಒಂದು ಅರ್ಥ, ರಾತ್ರಿಯಿಡೀ ತುಂಬ ಹೋಗಿದ್ದರೆ ಇನ್ನೊಂದು. ಇಡೀ ದಿನದ್ದರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ರಾತ್ರಿಯೇ ಹೋಗುತ್ತಿದ್ದರೆ ಆ ಹೆಚ್ಚುವರಿಗೆ ಪ್ರಾಸ್ಟೇಟ್ ಮಾತ್ರೆ ಉತ್ತರವಲ್ಲ. ಸಂಜೆ ಪಾದ ಊದುತ್ತದೆಯೇ ಎಂದೂ ನೋಡಿ. ಅಮ್ಲೋಡಿಪಿನ್ ಕೆಲವರಿಗೆ ಪಾದ ಊದಿಸುತ್ತದೆ. ಹಗಲು ಕಾಲಲ್ಲಿ ನಿಂತ ನೀರು ಮಲಗಿದ ಮೇಲೆ ರಕ್ತಕ್ಕೆ ಮರಳಿ ಮೂತ್ರವಾಗಿ ಬರುತ್ತದೆ.

ಮಸ್ಕತ್ ಕನ್ನಡಿಗ
ಗಂಡಸುತನದ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ನನಗೆ 58. ಟ್ಯಾಮ್ಸುಲೋಸಿನ್ ಬಗೆಯದೇ ಆದ ಸಿಲೋಡೋಸಿನ್ ಶುರು ಮಾಡಿದ ವಾರದಲ್ಲಿ ವೀರ್ಯ ಹೊರಬರುವುದೇ ನಿಂತಿತು. ಯಾರೂ ಮುಂಚೆ ಹೇಳಿರಲಿಲ್ಲ. ಪರವೂರಿನಲ್ಲಿ ಒಬ್ಬನೇ, ಯಾರನ್ನು ಕೇಳುವುದು? ಎರಡು ತಿಂಗಳು ನಿದ್ದೆಗೆಟ್ಟೆ. ಆಮೇಲೆ ಡಾಕ್ಟರು ಐದು ನಿಮಿಷದಲ್ಲಿ ವಿವರಿಸಿದರು: ಆ ಔಷಧಿಯಲ್ಲಿ ಇದು ಸಾಮಾನ್ಯ, ಅಪಾಯವಿಲ್ಲ, ಬಿಟ್ಟರೆ ಸರಿಹೋಗುತ್ತದೆ. ಆ ಐದು ನಿಮಿಷದ ಮಾತನ್ನು ಮೊದಲೇ ಆಡಿದ್ದರೆ ಎಷ್ಟು ಚೆನ್ನಾಗಿತ್ತು!

ರಾತ್ರಿ ಪಾಳಿ
ನೀವು ಇದನ್ನು ಇಲ್ಲಿ ಬರೆದದ್ದಕ್ಕೆ ಧನ್ಯವಾದ. ಪ್ರಯೋಗಗಳಲ್ಲಿ ಸಿಲೋಡೋಸಿನ್ ತೆಗೆದುಕೊಂಡವರಲ್ಲಿ ನೂರಕ್ಕೆ ಸುಮಾರು 28 ಜನರಿಗೆ ಹೀಗಾಗಿತ್ತು. ಅದೇ ಔಷಧಿ ಬಿಪಿಯನ್ನು ಅಷ್ಟಾಗಿ ಇಳಿಸದಿರುವುದರಿಂದ ತಲೆಸುತ್ತುವ ಹಿರಿಯರಿಗೆ ಕೆಲವು ವೈದ್ಯರು ಅದನ್ನೇ ಆರಿಸುತ್ತಾರೆ. ಡುಟಾಸ್ಟೆರೈಡ್, ಅದೇ ಬಗೆಯ ಫಿನಾಸ್ಟೆರೈಡ್‌ಗಳ ತೊಂದರೆ ಬೇರೆ: ಕೆಲವರಿಗೆ ಆಸಕ್ತಿ ಕುಗ್ಗುತ್ತದೆ, ನಿಮಿರುವಿಕೆ ಕಡಿಮೆಯಾಗುತ್ತದೆ, ಅಪರೂಪಕ್ಕೆ ಎದೆ ಊದಿ ನೋಯುತ್ತದೆ. ಎಲ್ಲರಿಗೂ ಆಗುವುದಿಲ್ಲ.

ಮತ್ತೆ ಚಿಕ್ಕಪ್ಪನವರಿಗೆ ಒಂದು ಮಾತು ತಿಳಿಸಿ. ಒಳಗಿನಿಂದ ಕೊರೆದು ತೆಗೆಯುವ ಟಿಯುಆರ್‌ಪಿ ಶಸ್ತ್ರಚಿಕಿತ್ಸೆಯ ನಂತರವೂ ಬಹುಪಾಲು ಜನರಿಗೆ ವೀರ್ಯ ಹೊರಗೆ ಬಾರದೆ ಚೀಲದೊಳಗೆ ಹೋಗುತ್ತದೆ. ಆ ಭಯಕ್ಕೆ ಮಾತ್ರೆ ಬಿಟ್ಟು ಆಪರೇಷನ್ ಆರಿಸಿದರೆ ಭಯಪಟ್ಟದ್ದೇ ಎದುರಾಗಬಹುದು.

ಕಾಳಿ ಕಣಿವೆ
ಹಾಗಾದರೆ ಆಪರೇಷನ್ ಬೇಡವೇ ಬೇಡ ಎನ್ನುತ್ತೀರಾ? ನಮ್ಮ ಮಾವನವರು ಈಗ ಆರಾಮಾಗಿದ್ದಾರೆ, ಕಣ್ಣಾರೆ ನೋಡುತ್ತಿದ್ದೇನೆ.

ರಾತ್ರಿ ಪಾಳಿ
ಇಲ್ಲ, ಹಾಗೆ ಹೇಳಲಿಲ್ಲ. ಮೂತ್ರ ಮತ್ತೆ ಮತ್ತೆ ಕಟ್ಟಿದರೆ, ಚೀಲದಲ್ಲಿ ಕಲ್ಲಾದರೆ, ಸೋಂಕು ಮರುಕಳಿಸಿದರೆ, ರಕ್ತ ಹೋಗುತ್ತಿದ್ದರೆ, ಮೂತ್ರಪಿಂಡಕ್ಕೆ ಪೆಟ್ಟಾಗಿದ್ದರೆ ಶಸ್ತ್ರಚಿಕಿತ್ಸೆಯೇ ದಾರಿ. ಮಾತ್ರೆಯಿಂದ ಸಾಕಷ್ಟು ಗುಣ ಕಾಣದವರೂ ಮಾಡಿಸಿಕೊಳ್ಳಬಹುದು. ನಿಮ್ಮ ಮಾವನವರಿಗೆ ಅದು ಸರಿಯಾಗಿತ್ತು. 48 ಗ್ರಾಂ, 90 ಮಿ.ಲೀ., ಮಾತ್ರೆ ತಿಂದದ್ದು ಒಂಬತ್ತೇ ದಿನ: ಇಲ್ಲಿ ಇನ್ನೂ ಮಾತ್ರೆಯನ್ನು ನೆಟ್ಟಗೆ ಪರೀಕ್ಷಿಸಿಯೇ ಇಲ್ಲ.

ನಿವೃತ್ತ ಗಣಿತ ಮೇಷ್ಟ್ರು
ನನ್ನ ಕಥೆ ಹೇಳುತ್ತೇನೆ, ನಿಮ್ಮ ತಂದೆಯವರಿಗೆ ಓದಿ ಹೇಳಿ.

ನನಗೂ ಇದೇ ಕ್ಯಾಪ್ಸೂಲ್ ಇತ್ತು. ಒಂದು ವರ್ಷವಾದ ಮೇಲೆ ಚೆನ್ನಾಗಿದ್ದೇನಲ್ಲ ಎಂದು ಯಾರಿಗೂ ಹೇಳದೆ ಬಿಟ್ಟೆ. ನಾಲ್ಕು ತಿಂಗಳು ಏನೂ ಆಗಲಿಲ್ಲ. ಡಿಸೆಂಬರಿನಲ್ಲಿ ನೆಗಡಿಯಾಯಿತು. ಹುಬ್ಬಳ್ಳಿಗೆ ರಾತ್ರಿ ಬಸ್ಸು ಹತ್ತುವ ಮುನ್ನ ಅಂಗಡಿಯಲ್ಲಿ ನೆಗಡಿ ಮಾತ್ರೆ ಕೇಳಿ ಎರಡು ನುಂಗಿದೆ. ಚಿತ್ರದುರ್ಗ ದಾಟಿದ ಮೇಲೆ ಬಸ್ಸು ನಿಂತಾಗ ಇಳಿದೆ, ಒಂದು ಹನಿ ಬರಲಿಲ್ಲ. ದಾವಣಗೆರೆಯಲ್ಲಿ ಮತ್ತೆ ಇಳಿದೆ, ಇಲ್ಲ. ಹೊಟ್ಟೆಯ ಕೆಳಗೆ ಕಲ್ಲಿಟ್ಟಂತೆ ಊದಿಕೊಂಡಿತ್ತು. ರಾಣೆಬೆನ್ನೂರಿಗೆ ಬರುವಷ್ಟರಲ್ಲಿ ಕೂರಲೂ ಆಗದೆ ನಿಲ್ಲಲೂ ಆಗದೆ ಬೆವರುತ್ತಿದ್ದೆ. ಕಂಡಕ್ಟರು ನೋಡಿ, ನನ್ನ ಚೀಲ ಹಿಡಿದು ಇಳಿಸಿ, ಆಟೋ ಹತ್ತಿಸಿ, ಚಾಲಕನಿಗೆ ಆಸ್ಪತ್ರೆ ಎಂದರು. ನಳಿಕೆ ಹಾಕಿದಾಗ ಒಂದು ಲೀಟರಿಗಿಂತ ಹೆಚ್ಚು ಹೋಯಿತು. ಡಾಕ್ಟರರ ಕೈ ಹಿಡಿದು ಅತ್ತುಬಿಟ್ಟೆ. ಆ ಕಂಡಕ್ಟರರ ಹೆಸರು ಕೇಳಲಿಲ್ಲ ಎಂಬ ಕೊರಗು ಇಂದಿಗೂ ಇದೆ.

ಔಷಧಿ ಅಂಗಡಿ, ದಾವಣಗೆರೆ
ಮೇಷ್ಟ್ರು ಹೇಳಿದ್ದನ್ನು ಎಲ್ಲರೂ ಗಟ್ಟಿಯಾಗಿ ನೆನಪಿಡಿ. ಸಾಮಾನ್ಯ ನೆಗಡಿ ಮಾತ್ರೆಗಳಲ್ಲಿ ಕ್ಲೋರ್‌ಫೆನಿರಮಿನ್, ಫಿನೈಲ್‌ಎಫ್ರಿನ್ ಇರುತ್ತವೆ. ಮೊದಲನೆಯದು ಮೂತ್ರಚೀಲದ ಸ್ನಾಯುವನ್ನು ದುರ್ಬಲಗೊಳಿಸುತ್ತದೆ, ಎರಡನೆಯದು ಚೀಲದ ಕೊರಳನ್ನು ಬಿಗಿಯುತ್ತದೆ. ಪ್ರಾಸ್ಟೇಟ್ ದೊಡ್ಡದಾದವರಿಗೆ ಇದು ಸಾಕು. ಅಂಗಡಿಯಲ್ಲಿ ನೆಗಡಿ ಮಾತ್ರೆ ಕೇಳುವಾಗ ‘ನನಗೆ ಪ್ರಾಸ್ಟೇಟ್ ತೊಂದರೆ ಇದೆ’ ಎಂಬ ಒಂದು ವಾಕ್ಯ ಹೇಳಿ. ನಾಚಿಕೆಪಡುವಂಥದ್ದು ಅದರಲ್ಲಿ ಏನೂ ಇಲ್ಲ.

ಇನ್ನೊಂದು. ಒಬ್ಬ ಹಿರಿಯರು ನನ್ನಲ್ಲಿಗೆ ಎರಡು ಚೀಟಿ ತಂದಿದ್ದರು. ಒಬ್ಬ ಡಾಕ್ಟರು ಬರೆದದ್ದು ಬರೀ ಟ್ಯಾಮ್ಸುಲೋಸಿನ್, ಇನ್ನೊಬ್ಬರು ಬರೆದದ್ದು ಡುಟಾಸ್ಟೆರೈಡ್ ಜೊತೆಗಿನದು. ಹೆಸರು ಬೇರೆ, ಡಬ್ಬಿ ಬೇರೆ, ಎರಡನ್ನೂ ನುಂಗುತ್ತಿದ್ದರು. ಪಟ್ಟಿಯ ಮೇಲಿನ ದೊಡ್ಡ ಹೆಸರನ್ನು ಬಿಡಿ, ಕೆಳಗೆ ಸಣ್ಣ ಅಕ್ಷರದಲ್ಲಿರುವ ಔಷಧಿಯ ಹೆಸರು ಓದಿ. ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಕೊಳ್ಳುವಾಗಲೂ ನೋಡಬೇಕಾದದ್ದು ಅದನ್ನೇ.

ಜಯನಗರ ನಾಲ್ಕನೆಯ ಬ್ಲಾಕ್
ವಿಷಯ ಬಿಟ್ಟು ಕೇಳುತ್ತಿದ್ದೇನೆ. ನಾನು 29, ಕೂದಲಿಗೆ ಫಿನಾಸ್ಟೆರೈಡ್ 1 ಮಿ.ಗ್ರಾಂ ತೆಗೆದುಕೊಳ್ಳುತ್ತಿದ್ದೇನೆ. ಇದು ಪ್ರಾಸ್ಟೇಟ್ ಮಾತ್ರೆಯೇ?

ಔಷಧಿ ಅಂಗಡಿ, ದಾವಣಗೆರೆ
ಅದೇ ಔಷಧಿ. ಪ್ರಾಸ್ಟೇಟಿಗೆ 5 ಮಿ.ಗ್ರಾಂ. ಅಮೆರಿಕದಲ್ಲಿ 1992ರಲ್ಲಿ ಪ್ರಾಸ್ಟೇಟಿಗೆ, 1997ರಲ್ಲಿ ಕೂದಲಿಗೆ ಅನುಮತಿ ಸಿಕ್ಕಿತು. ಅದರ ಹಿಂದಿನ ಕಥೆ ನನಗೆ ತುಂಬ ಇಷ್ಟ. ಡೊಮಿನಿಕನ್ ಗಣರಾಜ್ಯದ ಸಾಲಿನಾಸ್ ಎಂಬ ಹಳ್ಳಿಯಲ್ಲಿ ಹುಟ್ಟುವಾಗ ಹೆಣ್ಣುಮಕ್ಕಳಂತೆ ಕಂಡು, ಹರೆಯ ಬಂದಾಗ ಗಂಡುಮಕ್ಕಳಾಗುವವರಿದ್ದರು. ಅವರ ದೇಹದಲ್ಲಿ ಡಿಎಚ್‌ಟಿ ತಯಾರಿಸುವ ಕಿಣ್ವದ ಕೊರತೆ ಇದೆಯೆಂದು 1974ರಲ್ಲಿ ಪ್ರಕಟವಾಯಿತು. ಬೆಳೆದ ಮೇಲೂ ಅವರ ಪ್ರಾಸ್ಟೇಟ್ ಚಿಕ್ಕದಾಗಿಯೇ ಇರುತ್ತಿತ್ತು. ಆ ಕಿಣ್ವವನ್ನು ತಡೆಯುವ ಮಾತ್ರೆಯ ಯೋಚನೆ ಬಂದದ್ದು ಅಲ್ಲಿಂದ.

ರಕ್ತದಾನ ಮಾಡುವವರಾದರೆ ಕೊನೆಯ ಮಾತ್ರೆಯಿಂದ ಒಂದು ತಿಂಗಳು ಕಾಯಿರಿ, ಡುಟಾಸ್ಟೆರೈಡ್ ಆದರೆ ಆರು ತಿಂಗಳು. ಆ ರಕ್ತ ಗರ್ಭಿಣಿಗೆ ಹೋದರೆ ಗಂಡುಮಗುವಿನ ಬೆಳವಣಿಗೆಗೆ ತೊಂದರೆ. ಗರ್ಭಿಣಿಯರು ಒಡೆದ ಮಾತ್ರೆ, ಸೋರುವ ಕ್ಯಾಪ್ಸೂಲ್ ಮುಟ್ಟಬಾರದು.

ಜಯನಗರ ನಾಲ್ಕನೆಯ ಬ್ಲಾಕ್
ಮುಂದಿನ ಭಾನುವಾರ ಶಿಬಿರದಲ್ಲಿ ರಕ್ತ ಕೊಡುವವನಿದ್ದೆ! ಈಗಲೇ ಫೋನ್ ಮಾಡಿ ಹೇಳುತ್ತೇನೆ.

ಕೊಡಗಿನ ಮಳೆ
ನನ್ನ ಯಜಮಾನರಿಗೆ ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆ ಮುಂದಿನ ತಿಂಗಳು. ಟ್ಯಾಮ್ಸುಲೋಸಿನ್ ತೆಗೆದುಕೊಳ್ಳುತ್ತಿದ್ದಾರೆ. ಇದಕ್ಕೂ ಕಣ್ಣಿಗೂ ಸಂಬಂಧ ಇದೆಯೆಂದು ಯಾರೋ ಅಂದರು, ಹೌದೇ?

ರಾತ್ರಿ ಪಾಳಿ
ಹೌದು ಅಕ್ಕ. ಈ ಔಷಧಿ ತೆಗೆದುಕೊಂಡವರಲ್ಲಿ ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ಪದರ ಶಸ್ತ್ರಚಿಕಿತ್ಸೆಯ ನಡುವೆ ಸಡಿಲವಾಗಿ ಅಲೆಯಾಡಬಹುದು, ಪಾಪೆ ಕಿರಿದಾಗಬಹುದು. 2005ರಲ್ಲಿ ಇದನ್ನು ಮೊದಲು ಗುರುತಿಸಿದರು. ಮಾತ್ರೆ ಬಿಟ್ಟರೂ ಆ ಗುಣ ಪೂರ್ತಿ ಹೋಗುವುದಿಲ್ಲ, ಹಾಗಾಗಿ ನೀವೇ ನಿಲ್ಲಿಸಬೇಡಿ. ಕಣ್ಣಿನ ಡಾಕ್ಟರಿಗೆ ಮುಂಚಿತವಾಗಿ ಹೇಳಿ, ಅವರು ಅದಕ್ಕೆ ತಕ್ಕ ಸಿದ್ಧತೆ ಮಾಡಿಕೊಳ್ಳುತ್ತಾರೆ.

ನಿರ್ವಾಹಕ
ಚರ್ಚೆ ಚೆನ್ನಾಗಿದೆ. ಯಾರಿಗೂ ಹೊಸ ಮಾತ್ರೆ, ಹೊಸ ಪ್ರಮಾಣ ಸೂಚಿಸಬೇಡಿ ಎಂಬುದಷ್ಟೇ ಕೋರಿಕೆ.

ವರದಾ ತೀರ
ಆರು ದಿನದ ನಂತರ ಬರೆಯುತ್ತಿದ್ದೇನೆ. ರಜೆ ಹಾಕಿ ಊರಿಗೆ ಬಂದಿದ್ದೇನೆ. ಜಗ್ ತಂದಿಟ್ಟೆ. ಮೊದಲ ದಿನ ಅಪ್ಪ ಮುಖ ತಿರುಗಿಸಿದರು. ಎರಡನೆಯ ದಿನದಿಂದ ತಾವೇ ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಬರೆಯತೊಡಗಿದರು, ಅಡಿಕೆ ತೂಕ ಬರೆಯುವಷ್ಟೇ ಅಚ್ಚುಕಟ್ಟಾಗಿ.

ಇಡೀ ದಿನದ್ದು ಸರಾಸರಿ 1,900 ಮಿ.ಲೀ., ಅದರಲ್ಲಿ ರಾತ್ರಿಯದ್ದೇ 820! ಕಾರಣವೂ ಸಿಕ್ಕಿತು. ಮಲಗುವ ಮುನ್ನ ಒಂದು ದೊಡ್ಡ ತಾಮ್ರದ ಚೊಂಬು ನೀರು ಕುಡಿದರೆ ಹೃದಯಾಘಾತ ಆಗುವುದಿಲ್ಲ ಎಂದು ವಾಟ್ಸಾಪಿನಲ್ಲಿ ಬಂದಿತ್ತಂತೆ. ಎರಡು ವರ್ಷದಿಂದ ಒಂದು ದಿನವೂ ತಪ್ಪಿಸಿಲ್ಲ. ಸಂಜೆ ಪಾದವೂ ಸ್ವಲ್ಪ ಊದುತ್ತದೆ.

ಕಾಳಿ ಕಣಿವೆ
ಅಯ್ಯೋ, ನಮ್ಮ ಮನೆಯಲ್ಲೂ ಆ ಸಂದೇಶ ಬಂದಿತ್ತು!

ರಾತ್ರಿ ಪಾಳಿ
ಆ ಕ್ಯಾಲೆಂಡರ್ ಹಾಳೆಯನ್ನು ಹಾಗೆಯೇ ಡಾಕ್ಟರಿಗೆ ಕೊಡಿ ಅಣ್ಣ. ಆದರೆ ಧಾರೆ ಸಣ್ಣ ಇರುವುದು, 90 ಮಿ.ಲೀ. ಉಳಿಯುವುದು ಚೊಂಬಿನಿಂದ ಆದದ್ದಲ್ಲ. ಎರಡೂ ಇವೆ, ಎರಡನ್ನೂ ನೋಡಿಸಿ.

ವರದಾ ತೀರ
ಇಂದು ಶಿವಮೊಗ್ಗದಲ್ಲಿ ಮೂತ್ರರೋಗ ತಜ್ಞರನ್ನು ಕಂಡೆವು. ಕೂತಾಗ ಬಿಪಿ 138 ಇದ್ದದ್ದು ನಿಂತಾಗ 126. ಹಾಳೆಯನ್ನು ಪೂರ್ತಿ ಓದಿದರು. ಟ್ಯಾಮ್ಸುಲೋಸಿನ್ ಬದಲು ಸಿಲೋಡೋಸಿನ್, ಊಟದ ಜೊತೆಗೆ. ಡುಟಾಸ್ಟೆರೈಡ್ ಬೇರೆಯಾಗಿ, ಕನಿಷ್ಠ ಆರು ತಿಂಗಳು. ಗ್ರಂಥಿ ದೊಡ್ಡದಿರುವವರಿಗೆ ಎರಡನ್ನೂ ಸೇರಿಸಿ ಕೊಡುವುದು ಮುಂದೆ ಮೂತ್ರ ಕಟ್ಟದಂತೆ, ಆಪರೇಷನ್ ತಪ್ಪುವಂತೆ ಎಂದರು. 2003ರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಗಂಡಸರ ಮೇಲಿನ ಅಧ್ಯಯನದಲ್ಲಿ ಇದೇ ಬಗೆಯ ಜೋಡಿ ರೋಗ ಉಲ್ಬಣಿಸುವುದನ್ನು ಹುಸಿಮಾತ್ರೆಗೆ ಹೋಲಿಸಿದರೆ ನೂರಕ್ಕೆ 66ರಷ್ಟು ತಗ್ಗಿಸಿತ್ತಂತೆ. ಅಮ್ಲೋಡಿಪಿನ್ ಬದಲಿಸುವ ಬಗ್ಗೆ ಬಿಪಿ ಡಾಕ್ಟರಿಗೆ ಚೀಟಿ ಬರೆದುಕೊಟ್ಟಿದ್ದಾರೆ. ವೀರ್ಯದ ವಿಷಯವನ್ನು ಮಸ್ಕತ್‌ನವರು ಬರೆದದ್ದರಿಂದ ನಾನೇ ಕೇಳಿದೆ. ಅಪ್ಪ ನೆಲ ನೋಡುತ್ತಿದ್ದರು, ಆದರೆ ಕಿವಿಗೊಟ್ಟು ಕೇಳಿದರು.

ಹಿತ್ತಲ ಮೆಟ್ಟಿಲಿಗೆ ದೀಪ, ಹಿಡಿಗಂಬಿ ಹಾಕಿಸಿದೆ. ಹಾಸಿಗೆಯ ಪಕ್ಕ ಮೂತ್ರದ ಬಾಟಲಿ ಇಟ್ಟಿದ್ದೇವೆ.

ಔಷಧಿ ಅಂಗಡಿ, ದಾವಣಗೆರೆ
ತುಂಬ ಸಮಾಧಾನವಾಯಿತು. ಪಿಎಸ್‌ಎ 2.6 ಎಂಬುದನ್ನು ಕಡತದ ಮೊದಲ ಪುಟದಲ್ಲಿ ದೊಡ್ಡದಾಗಿ, ತಾರೀಖಿನ ಸಮೇತ ಬರೆದಿಡಿ. ಡುಟಾಸ್ಟೆರೈಡ್ ಆರು ತಿಂಗಳಲ್ಲಿ ಆ ಸಂಖ್ಯೆಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಆಗಲೂ 2.6 ಎಂದೇ ಬಂದರೆ ‘ಅಷ್ಟೇ ಇದೆ’ ಎಂದು ಸುಮ್ಮನಾಗಬಾರದು, ಅದನ್ನು ಎರಡು ಪಟ್ಟು ಎಂದೇ ಎಣಿಸಬೇಕು. ಮುಂದೆ ಯಾವ ಡಾಕ್ಟರು ನೋಡಿದರೂ ಈ ಮಾತ್ರೆ ನಡೆಯುತ್ತಿದೆ ಎಂದು ತಿಳಿದಿರಲಿ.

ಹಿತ್ತಲ ಗಿಡ
ಒಳ್ಳೆಯದಾಗಲಿ. ನಮ್ಮ ಅಪ್ಪನಿಗೂ 66. ನಾನೂ ಒಂದು ಜಗ್ ತರುತ್ತೇನೆ.

ವರದಾ ತೀರ
@ನಿವೃತ್ತ ಗಣಿತ ಮೇಷ್ಟ್ರು ಸರ್, ನಿಮ್ಮ ಬಸ್ಸಿನ ಕಥೆಯನ್ನು ಅಪ್ಪ ಎರಡು ಸಲ ಓದಿಸಿಕೊಂಡರು. ರಾತ್ರಿ ಊಟವಾದ ಮೇಲೆ ಯಾರೂ ನೆನಪಿಸದೆ ಮಾತ್ರೆ ತೆಗೆದುಕೊಂಡರು. ಆಮೇಲೆ ‘ಆ ಮೇಷ್ಟ್ರ ಫೋನ್ ನಂಬರ್ ಸಿಗುತ್ತದೆಯೇ ಕೇಳು’ ಎಂದರು.

ನಿವೃತ್ತ ಗಣಿತ ಮೇಷ್ಟ್ರು
ಖಾಸಗಿ ಸಂದೇಶದಲ್ಲಿ ಕಳಿಸಿದ್ದೇನೆ. ಸಂಜೆ ಆರರ ಮೇಲೆ ಮನೆಯಲ್ಲೇ ಇರುತ್ತೇನೆ, ಮಾಡಲು ಹೇಳಿ.